ಬಾಣ ಬಿಟ್ಟ ಮೇಲಿನ ಅರ್ಧ ಗಂಟೆ

ಮಳೆ ಬಂದರೆ ಹಿಕರಿ ಗುಡ್ಡದಲ್ಲಿ ಬೇಟೆ ನಿಂತಂತೆಯೇ. ಕೋವಿಯವರ ಮಾತು ಬೇರೆ. ಬಾಣ ತಗುಲಿದ ಜಿಂಕೆ ಮಾತ್ರ ನೆತ್ತರು ಚೆಲ್ಲುತ್ತಾ ಬಹುದೂರ ಓಡುತ್ತದೆ. ಆ ಜಾಡು ತೊಳೆದುಹೋದರೆ ಅಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿ ಅಂತ ಹುಡುಕುವುದು? ಹಾಗಾಗಿ ಅಕ್ಟೋಬರ್ ತಿಂಗಳ ಆ ಮಧ್ಯಾಹ್ನ ಹನಿ ಬೀಳತೊಡಗಿದ್ದೇ ತಡ, ಡೇಲ್ ತನ್ನ ಹೊಸ ಅಡ್ಡಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಿಡಾರಕ್ಕೆ ಬಂದುಬಿಟ್ಟ.

ಮರದ ದಿಮ್ಮಿಗಳ ಆ ಬಿಡಾರದಲ್ಲಿ ಇಬ್ಬರಿದ್ದರು. ಅಂಚೆ ಹಂಚಿ ನಿವೃತ್ತನಾದ ಚೆಸ್ಟರ್ ಒಲೆಯ ಮುಂದೆ ನಿಂತು ಈರುಳ್ಳಿ, ಜಿಂಕೆ ಸಾಸೇಜು ಹುರಿಯುತ್ತಿದ್ದ. ಎಂಬತ್ತೊಂದು ವರ್ಷದ ಎಲ್‌ವುಡ್ ಕಂಬಳಿ ಹೊದ್ದು ಬೆಂಕಿಗೆ ಕಾಲು ಚಾಚಿದ್ದ. ಮುದುಕನಿಗೆ ಕಿವಿ ಪೂರಾ ಕೆಟ್ಟಿತ್ತು. ಕಿವಿಗೆ ಮಿಷನ್ ಇಟ್ಟುಕೊಂಡರೂ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದ. ನಾಲ್ಕನೆಯವನು ಲಮಾರ್, ಡೇಲನ ಹೆಂಡತಿಯ ಅಣ್ಣ. ಅವನು ಗುಡ್ಡದ ಮೇಲೆ ಮರಕ್ಕೆ ಕಟ್ಟಿದ ತನ್ನ ಅಟ್ಟಣೆಯಿಂದ ಇನ್ನೂ ಬಂದಿರಲಿಲ್ಲ.

"ಏನಯ್ಯಾ, ಬಾಣ ಬಿಟ್ಯಾ?" ಚೆಸ್ಟರ್ ಕತ್ತರಿ ಎತ್ತಿ ಆಡಿಸಿದ. "ಅಂಗಿ ಚೆನ್ನಾಗಿದೆ, ಹಿಂದಗಡೆ ತಿರುಗು ನೋಡೋಣ!"

ಗುರಿ ತಪ್ಪಿದವನ ಅಂಗಿಯ ಹಿಂಚುಂಗು ಕತ್ತರಿಸಿ, ಹೆಸರು, ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿನ ಪದ್ಧತಿ. ಗೋಡೆಯ ತುಂಬ ಅಂಥ ಚುಂಗುಗಳೇ. ಡೇಲ್ ತೊಟ್ಟಿದ್ದ ಕೆಂಪು ಚೌಕುಳಿ ಅಂಗಿ ನಿವೃತ್ತಿಯ ದಿನ ಹೆಂಡತಿ ಕೊಟ್ಟದ್ದು.

"ಒಂದು ಅಳಿಲೂ ಕಾಣ್ಲಿಲ್ಲ ಮಾರಾಯ," ಅಂದ ಡೇಲ್, ಕೆಸರಿನ ಬೂಟು ಕಳಚುತ್ತಾ.

ಸುಳ್ಳು. ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ, ಅವನ ಅಟ್ಟಣೆಯ ಎದುರಿನ ಪೊದೆಯಲ್ಲಿ ಕಂದು ಬಣ್ಣದ್ದೇನೋ ಅಲುಗಿತ್ತು. ಐದು ತಿಂಗಳಿಂದ ಹಿತ್ತಿಲಲ್ಲಿ ಹುಲ್ಲಿನ ಕಂತೆಗೆ ಹೊಡೆದು ಹೊಡೆದು ಪಳಗಿದ ಬೆರಳು ಯೋಚಿಸಲಿಲ್ಲ. ದಪ್ಪೆಂದು ಬಾಣ ತಗುಲಿದ ಸದ್ದು, ಪೊದೆಯಲ್ಲಿ ಒಂದಷ್ಟು ಒದ್ದಾಟ, ಆಮೇಲೆ ನಿಶ್ಶಬ್ದ. ಅರ್ಧ ಗಂಟೆ ಕಾಯಬೇಕು, ಕೂಡಲೇ ಬೆನ್ನು ಹತ್ತಿದರೆ ಗಾಯದ ಜಿಂಕೆ ಇನ್ನೂ ದೂರ ಓಡುತ್ತದೆ ಎಂದು ಕಲಿಸಿಕೊಟ್ಟವನು ಲಮಾರನೇ. ಅಷ್ಟರಲ್ಲಿ ಹನಿ ಬಿತ್ತು. ಬಾಣ ಎಲ್ಲಿ ತಗುಲಿತೆಂಬ ಖಾತ್ರಿಯಿಲ್ಲದೆ, ಲಮಾರನನ್ನೇ ಕರೆದುಕೊಂಡು ಹೋಗೋಣವೆಂದು ಡೇಲ್ ಇಳಿದು ಬಂದಿದ್ದ. ಬಂದರೆ ಲಮಾರ್ ಇಲ್ಲ, ಕತ್ತರಿ ಇದೆ.

ಮಾತು ತಿರುಗಿಸಲು ಅವನು ಗೋಡೆಯತ್ತ ಕೈ ತೋರಿದ. ಮಾಸಿದ ನೀಲಿ ಚುಂಗೊಂದಕ್ಕೆ ಹೆಸರೇ ಇರಲಿಲ್ಲ. "ಅದ್ಯಾರದು?"

ಎಲ್‌ವುಡ್ ಅವನ ತುಟಿ ನೋಡಿದ. "ನಂದು. ನಾನೇ ಕತ್ತರಿಸಿ ಹೊಡೆದದ್ದು. ಗುರಿ ತಪ್ಪಿದ್ದಕ್ಕಲ್ಲ, ತಪ್ಪದೇ ಇದ್ದದ್ದಕ್ಕೆ."

"ಶುರುವಾಯ್ತು," ಎಂದು ಚೆಸ್ಟರ್ ಬಾಣಲೆಗೆ ತಿರುಗಿಕೊಂಡ.

"ಕೂತ್ಕೊಳಯ್ಯಾ, ಮಳೆ ಬೇಗ ಬಿಡಲ್ಲ... ನಾನೂ ನನ್ನ ಗೆಳೆಯ ಮರ್ಲ್ ಅನ್ನೋನೂ ಬಾಟಲಿ ಕಾರ್ಖಾನೇಲಿ ಮೂವತ್ತೆಂಟು ವರ್ಷ ಒಂದೇ ಪಾಳಿ ಮಾಡಿದೋರು, ಆ ಮಿಷನ್‌ಗಳ ಗಲಾಟೆಗೆ ನನ್ನ ಕಿವಿ ಹೋಯ್ತು, ಪೆಟ್ಟಿಗೆ ಎತ್ತಿ ಎತ್ತಿ ಅವನ ಹೆಗಲು ಹೋಯ್ತು, ಆದರೂ ಊಟಕ್ಕೆ ಕೂತಾಗೆಲ್ಲ ಒಂದೇ ಮಾತು, ನಿವೃತ್ತಿ ಆಗ್ಲಿ ಕಣೋ, ದಿನಾ ಗುಡ್ಡಕ್ಕೆ ಹೋಗೋಣ ಅಂತ. ಇಬ್ಬರೂ ಒಂದೇ ದಿನ ಕೆಲಸ ಬಿಟ್ವಿ. ಸುಖವಾಗಿರಿ ಅಂತ ಕೇಕಿನ ಮೇಲೆ ಬರೆಸಿ ಕೊಟ್ರು ಪುಣ್ಯಾತ್ಮರು! ಬಿಲ್ಲು ಎಳೆಯೋ ಹೆಗಲೆಲ್ಲಿತ್ತು ನಮಗೆ? ಅಡ್ಡಬಿಲ್ಲು ತಗೊಂಡ್ವಿ. ಒಂದ್ಸಲ ಎಳೆದು ಕೊಕ್ಕೆಗೆ ಸಿಕ್ಕಿಸಿದ್ರೆ ಆಯ್ತು, ಆಮೇಲೆ ಬೆರಳೊಂದಿದ್ರೆ ಸಾಕು. ಮುದುಕರಿಗೆ ಇದಕ್ಕಿಂತ ಸುಖ ಬೇಕಾ? ಹದಿನೇಳು ದಿನ ಆ ಸುಖಪಟ್ವಿ ನೋಡು... ಲೆಕ್ಕವಾಗಿ ಹದಿನೇಳು ದಿನ."

ಮುದುಕ ಬೆಂಕಿಯನ್ನೇ ನೋಡುತ್ತಿದ್ದ. ಡೇಲನ ಕಣ್ಣು ಗಡಿಯಾರದ ಮೇಲಿತ್ತು. ಮೂರು ಐವತ್ತು.

"ಆವತ್ತು ಕಿವಿ ಮಿಷನ್ ತೆಗೆದು ಜೇಬಲ್ಲಿಟ್ಟಿದ್ದೆ. ಗಾಳಿಗೆ ಕುಯ್ಯೋ ಅನ್ನುತ್ತೆ, ತಲೆ ಚಿಟ್ಟು ಹಿಡಿಯುತ್ತೆ. ಪೊದೆ ಅಲ್ಲಾಡ್ತು... ಕಂದು ಕಾಣ್ತು... ಬಿಟ್ಟೆ. ತಗುಲಿದ್ದು ಗೊತ್ತಾಯ್ತು, ಒದ್ದಾಡಿದ್ದೂ ಕಾಣ್ತು. ಆಮೇಲೆ? ಪದ್ಧತಿ ಏನು? ಅರ್ಧ ಗಂಟೆ ಕಾಯ್ಬೇಕು. ಕಾಯ್ದೆ. ಹೊಟ್ಟೆಗೆ ಬಿದ್ದಿದ್ರೆ ಸಾಯೋಕೆ ಹೊತ್ತು ಹಿಡಿಯುತ್ತೆ ಅಂತ ಇನ್ನೂ ಅರ್ಧ ಗಂಟೆ ಕಾಯ್ದೆ. ಅಟ್ಟಣೆ ಮೇಲೆ ಕಾಲು ಇಳಿಬಿಟ್ಕೊಂಡು ಬ್ರೆಡ್ಡು ತಿಂದೆ ಕಣಯ್ಯಾ, ಬೆಣ್ಣೆ ಹಚ್ಚಿದ್ದು! ಈ ಸಲ ಮರ್ಲ್ ಹೊಟ್ಟೆ ಉರ್ಕೊಳ್ಳೋ ಹಾಗೆ ಆಗುತ್ತೆ ಅಂತ ಒಬ್ಬನೇ ನಕ್ಕೆ. ಇಳಿದು ಹೋದ್ರೆ... ಅವನು. ತೊಡೆಗೆ ಬೆಲ್ಟು ಬಿಗಿದುಕೊಂಡಿದ್ದ. ನನ್ನ ಮರದ ಕಡೆಗೇ ತೆವಳ್ತಾ ಬಂದಿದ್ದ. ಪಕ್ಕದಲ್ಲಿ ನನ್ನ ಕಾಫಿ ಫ್ಲಾಸ್ಕು... ನಾನು ಮರೆತು ಹೋಗಿದ್ದನ್ನ ಕೊಡೋಕೆ ಬಂದಿದ್ದ."

ಡೇಲ್ ಬಾಗಿಲತ್ತ ತಿರುಗಿದ. ಮಳೆ ಬಂದರೆ ಲಮಾರ್ ಯಾವ ದಾರಿಯಲ್ಲಿ ಇಳಿಯುತ್ತಾನೆ? ದೊಡ್ಡ ದಾರಿ ಸುತ್ತು. ಪೊದೆಯೊಳಗಿನ ಒಳದಾರಿಯಲ್ಲಿ ಬಂದರೆ ಡೇಲನ ಮರದ ಎದುರಿಗೇ ಹಾದು ಬರಬೇಕು. ಮೇಲಿನ ಗುಡ್ಡದಲ್ಲಿ ಮಳೆ ಯಾವಾಗಲೂ ಮೊದಲೇ ಹಿಡಿಯುತ್ತದೆ. ಲಮಾರನ ಕೋಟು ಕಂದು. ಇಷ್ಟೂ ಡೇಲನಿಗೆ ಒಮ್ಮೆಗೇ ಹೊಳೆಯಿತು, ಹೊಳೆದದ್ದನ್ನು ಅವನು ನಂಬಲೊಲ್ಲ.

"ನಾನೊಂದು ಬಾಣ ಬಿಟ್ಟೆ," ಅಂದ, ಮೆಲ್ಲಗೆ.

ಮುದುಕ ಬೆಂಕಿಗೆ ಕೊರಡು ನೂಕುತ್ತಿದ್ದವನು ತಿರುಗಲಿಲ್ಲ. ಚೆಸ್ಟರನ ಬಾಣಲೆ ಚುಂಯ್ಗುಡುತ್ತಿತ್ತು. ಹೇಳಿಯಾಯಿತಲ್ಲ, ಕೇಳಿಸದಿದ್ದರೆ ತನ್ನ ತಪ್ಪೇ? ಡೇಲನಿಗೆ ಒಂದು ಕ್ಷಣ ಹಗುರವೂ ಆಯಿತು, ನಾಚಿಕೆಗೇಡು. ಇನ್ನೊಮ್ಮೆ ಗಟ್ಟಿಯಾಗಿ ಹೇಳಲು ಧೈರ್ಯ ಬರಲಿಲ್ಲ. ಲಮಾರ್ ಈಗ ಬಂದಾನು, ಬೂಟಿನ ಕೆಸರು ಬಡಿಯುತ್ತಾ ಬೈಯುತ್ತಾ ಬಂದಾನು ಎಂದು ಬಾಗಿಲನ್ನೇ ನೋಡುತ್ತಾ ಕುಳಿತ.

"ಅರ್ಧ ಗಂಟೆ ಒಳಗೆ ತಂದಿದ್ರೆ ಉಳೀತಿದ್ದ ಅಂದ್ರು ಡಾಕ್ಟರು. ಆಚೆ ಗುಡ್ಡದಲ್ಲಿ ಹಸು ಹೊಡ್ಕೊಂಡು ಹೋಗ್ತಿದ್ದವನು ಹೇಳಿದ, ಎಲ್‌ವುಡ್, ಎಲ್‌ವುಡ್ ಅಂತ ಯಾರೋ ಬಹಳ ಹೊತ್ತು ಕೂಗ್ತಿದ್ರು, ಮುದುಕರು ತಮಾಷೆ ಮಾಡ್ತಿದಾರೆ ಅಂದ್ಕೊಂಡೆ ಅಂತ. ಬಹಳ ಹೊತ್ತು... ಗೊತ್ತಾಯ್ತಾ? ನಾನು ಬ್ರೆಡ್ಡು ತಿಂತಿದ್ದೆ, ಅವನು ಕೂಗ್ತಿದ್ದ. ಜೇಬಿಗೆ ಕೈ ಹಾಕಿ ಆ ಕಡಲೆಕಾಳಿನಷ್ಟು ಮಿಷನ್ ಇಟ್ಕೊಂಡಿದ್ರೆ ಸಾಕಿತ್ತು. ದೇವರು ನನ್ನನ್ನ ಕ್ಷಮಿಸಿದ್ರೂ ನಾನು ಆ ದೇವರನ್ನ ಕ್ಷಮಿಸಲ್ಲ, ಹೋಗಲಿ ಬಿಡು. ಮುಂದಿನ ವರ್ಷ ಇದೇ ಕುರ್ಚಿ, ಇಂಥದ್ದೇ ಮಳೆ. ಮಿಷನ್ ತೆಗೆದಿಟ್ಟು ತೂಕಡಿಸ್ತಿದ್ದೆ. ಚೆಸ್ಟರ್ ಕಿವಿ ಹತ್ರ ಬಂದು ಬಾಯಿ ಬಡ್ಕೊಂಡ್ರೂ ಕೇಳದವನಿಗೆ... ಕೇಳಿಸ್ತು. ಸ್ಪಷ್ಟವಾಗಿ. 'ಎಲ್‌ವುಡ್, ಇನ್ನೂ ಎಷ್ಟು ಹೊತ್ತೋ?' ಮರ್ಲ್ ದನಿ! ಮಿಷನ್ ಇಟ್ಕೊಂಡೆ, ನಿಂತುಹೋಯ್ತು. ತೆಗೆದೆ, ಮತ್ತೆ. ಹದಿನಾರು ವರ್ಷ ಆಯ್ತು. ಹೆಂಡತಿ ಸಾಯೋವಾಗ ಏನೋ ಅಂದಳು, ಅದೂ ಕೇಳ್ಲಿಲ್ಲ ನನಗೆ. ಬದುಕಿದ್ದೋರ ಒಂದು ದನೀನೂ ಬರಲ್ಲ, ಸತ್ತವನದು ಒಂದಕ್ಷರ ಬಿಡದ ಹಾಗೆ ಬರುತ್ತೆ. ಏನು ನ್ಯಾಯ ಇದು, ಹೇಳು?"

"ಸಾಕು ಮಾಡೋ ಮುದುಕ, ಹುಡುಗ ಬೆವರ್ತಿದಾನೆ," ಅಂದ ಚೆಸ್ಟರ್. ಅರವತ್ತೆರಡರ ಡೇಲ್ ಅವನಿಗೆ ಹುಡುಗ. "ತಟ್ಟೆ ತಗೊಳ್ಳಿ. ಲಮಾರಂದು ಮುಚ್ಚಿಡ್ತೀನಿ."

ನಾಲ್ಕು ಗಂಟೆ ಐದು ನಿಮಿಷ. ಎಲ್‌ವುಡ್ ಕಿವಿಯಿಂದ ಮಿಷನ್ ತೆಗೆದು ಮೇಜಿನ ಮೇಲಿಟ್ಟ. "ಈ ಹೊತ್ತಿಗೇ ಬರುತ್ತೆ. ಕೂತಿರು," ಎಂದು ಕಣ್ಣು ಮುಚ್ಚಿದ. ಮಾಡಿನ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಬಾಗಿಲಲ್ಲಿ ಯಾರ ಬೂಟಿನ ಸದ್ದೂ ಇಲ್ಲ.

ಮುದುಕನ ಹುಬ್ಬು ಗಂಟಿಕ್ಕಿತು. ತಲೆಯನ್ನು ಒಂದು ಕಡೆ ವಾಲಿಸಿದ. "ಏ... ಇದು ಮರ್ಲ್ ಅಲ್ಲ."

ಡೇಲ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಮರ್ಲ್ ನನ್ನ ಹೆಸರು ಕೂಗ್ತಾನೆ," ಎಲ್‌ವುಡ್ ಕಣ್ಣು ತೆರೆದು ಅವನನ್ನೇ ನೋಡಿದ. "ಇವನು... ಡೇಲ್ ಅಂತಿದಾನೆ. ಎಷ್ಟು ಹೊತ್ತು ಕಾಯಿಸ್ತೀಯೋ ಡೇಲ್, ಜೋಯಾನ್‌ಗೆ ಏನಂತ ಹೇಳ್ತೀಯ ಅಂತಿದಾನೆ."

ಜೋಯಾನ್ ಡೇಲನ ಹೆಂಡತಿ. ಆ ಬಿಡಾರದಲ್ಲಿ ಅವಳ ಹೆಸರು ಹಿಡಿದು ಕರೆಯುವವನು ಅವಳ ಅಣ್ಣನೊಬ್ಬನೇ. ಚೆಸ್ಟರನ ಕೈಯ ತಟ್ಟೆ ಹಾಗೇ ನಿಂತಿತು. ಡೇಲ್ ಬರಿಗಾಲಲ್ಲೇ ಬಾಗಿಲಿಗೆ ಧಾವಿಸಿ, ಚಿಲಕ ಕಿತ್ತು, ಮಳೆಯ ಕಡೆಗೆ ತಿರುಗಿ ತನ್ನ ಭಾವನ ಹೆಸರು ಹಿಡಿದು ಕಿರುಚಿದ. ಅವನ ಕಿವಿಗೆ ಮಳೆಯೊಂದೇ ಕೇಳಿಸಿತು.

"ಬೂಟು ಹಾಕ್ಕೊಂಡು ನಿಧಾನಕ್ಕೆ ಹೋಗಯ್ಯಾ," ಅಂದ ಹಿಂದಿನಿಂದ ಎಲ್‌ವುಡ್. "ಮಿಷನ್ ಮೇಜಿನ ಮೇಲಿದೆ ನೋಡು. ನನಗೆ ಕೇಳಿಸ್ತಿದೆ ಅಂದ್ಮೇಲೆ ಇನ್ನು ಓಡಿ ಏನು ಬಂತು?"