ದಾರ ಕತ್ತರಿಸದ ಚೀಲ

ನಮ್ಮ ಚಾರಣ ಸಂಘದ ಮಾನ್ಯ ಅಧ್ಯಕ್ಷರೇ, ಇಷ್ಟು ಹೊತ್ತು ಬೆನ್ನು ನೆಟ್ಟಗೆ ಇಟ್ಟುಕೊಂಡು ಕುಳಿತಿರುವ ಮುಖ್ಯ ಅತಿಥಿಗಳಾದ ಹೆಡ್‌ಮೇಡಂ ಅವರೇ, ಕಾರ್ಯದರ್ಶಿಗಳೇ, ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಹೊರಡಲಿರುವ ತಂಡದವರೇ, ಬಾಗಿಲ ಹತ್ತಿರ ಕುಳಿತು ಚಹಾ ಬಂತೇ ಎಂದು ತಿರುತಿರುಗಿ ನೋಡುತ್ತಿರುವ ಆತ್ಮೀಯ ಸಭಿಕರೇ,

ನಿಂತು ಮಾತಾಡಬೇಕು ಎಂದು ಕಾರ್ಯದರ್ಶಿಗಳು ನನಗೆ ಮೊದಲೇ ಹೇಳಿದ್ದರು. ನಾನು ಕುಳಿತೇ ಮಾತಾಡುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕುಳಿತ ಸೊಂಟಕ್ಕೆ ನಿಲ್ಲುವುದೇ ಮರೆತುಹೋಗಿದೆ. ಮೈಕನ್ನು ಸ್ವಲ್ಪ ಬಗ್ಗಿಸಿದರೆ ಸಾಕು. ಹಾಂ, ಕಿರುಚಿತು. ಕಿರುಚಲಿ ಬಿಡಿ, ಅದಕ್ಕೂ ವಯಸ್ಸಾಗಿದೆ.

ನನ್ನನ್ನು ನೀವೆಲ್ಲ ಚೀಲದಕ್ಕ ಎಂದು ಕರೆಯುತ್ತೀರಿ. ಸಂಘದ ಉಗ್ರಾಣದಲ್ಲಿ ಪ್ರಥಮ ಚಿಕಿತ್ಸೆಯ ಚೀಲ ಹೊಲಿದವಳು, ತುಂಬಿದವಳು, ಬೆಟ್ಟದಿಂದ ಮರಳಿ ಬಂದಾಗ ಕೊಡವಿ ಒಣಗಿಸಿದವಳು ನಾನು. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪುತ್ತಿಲ್ಲ. ಅದಕ್ಕೇ ಈ ಬೀಳ್ಕೊಡುಗೆ. ಅಧ್ಯಕ್ಷರು ಈಗಷ್ಟೇ ನನಗೆ ಈ ತಗಡಿನ ಫಲಕ ಕೊಟ್ಟರು. ಕೊಟ್ಟವರು ತಕ್ಷಣ ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಗತ್ತು ಎಂದು ನೀವು ಅಂದುಕೊಂಡಿರಬಹುದು. ಅದರ ಮಾತು ಆಮೇಲೆ ಆಡೋಣ.

ಫಲಕದ ಮೇಲೆ ಬರೆದಿರುವುದು ‘ಸೇವೆ’ ಎಂದು. ಸೇವೆ ಎಂದರೇನು? ಚೀಲ ತುಂಬುವುದು ದೊಡ್ಡ ವಿದ್ಯೆಯಲ್ಲ. ಆದರೆ ಸಂತೆಯ ಚೀಲಕ್ಕೆ ಸಾಮಾನು ತುರುಕಿದಂತೆ ತುರುಕುವುದೂ ಅಲ್ಲ. ಗಾಯವಾದಾಗ ಯಾರ ಕೈಯಾದರೂ ನಡುಗುತ್ತದೆ. ನಡುಗುವ ಕೈಗೆ ಮೊದಲು ಏನು ಸಿಗಬೇಕು? ರಬ್ಬರ್ ಕೈಗವಸು ಸಿಗಬೇಕು, ಗಾಜ್ ಬಟ್ಟೆ ಸಿಗಬೇಕು, ಒತ್ತಿ ಕಟ್ಟಲು ಅಗಲವಾದ ಬ್ಯಾಂಡೇಜು ಸಿಗಬೇಕು. ಇವು ಮೇಲೆ. ಅದರ ಕೆಳಗೆ ಗಾಯ ತೊಳೆಯಲು ಮುಚ್ಚಳ ಬಿಗಿದ ಶುದ್ಧ ನೀರಿನ ಬಾಟಲಿ. ಪಕ್ಕದ ಕಿಸೆಯಲ್ಲಿ ಕತ್ತರಿ, ಮುಳ್ಳು ತೆಗೆಯುವ ಚಿಮಟ, ಪಿನ್ನು, ಸೀಟಿ. ಕೈ ಮುರಿದರೆ ತೂಗುಹಾಕಲು ಮೂರು ಮೂಲೆಯ ಬಟ್ಟೆ. ತಲೆನೋವಿನ ಮಾತ್ರೆ ತಳದಲ್ಲಿ. ತಲೆನೋವು ಕಾಯುತ್ತದೆ, ರಕ್ತ ಕಾಯುವುದಿಲ್ಲ.

ಜಿಪ್ಪಿಗೆ ನಾನು ಒಂದು ದೊಡ್ಡ ಬಟ್ಟೆಯ ಬಳೆ ಹೊಲಿದಿದ್ದೇನೆ. ಚೆಂದಕ್ಕೆ ಎಂದು ಕೆಲವರು ತಿಳಿದಿದ್ದಾರೆ. ಒಂದು ಕೈಗೆ ಪೆಟ್ಟಾಗಿ, ಪಕ್ಕದಲ್ಲಿ ಯಾರೂ ಇಲ್ಲದೆ ಹೋದರೆ, ಆ ಬಳೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಚೀಲ ತೆರೆಯಲಿ ಎಂದು ಅದನ್ನು ಹೊಲಿದೆ. ಅದನ್ನು ಯಾರಾದರೂ ಒಮ್ಮೆಯಾದರೂ ಕಚ್ಚಿದ್ದೀರಾ? ಕಚ್ಚಿಲ್ಲ. ಯಾಕೆ ಕಚ್ಚಿಲ್ಲ? ಯಾಕೆಂದರೆ ಆ ಬಳೆಗೂ ಚೀಲದ ಕೊಂಡಿಗೂ ಸೇರಿಸಿ ನಾವು ಕೆಂಪು ದಾರ ಕಟ್ಟುತ್ತೇವೆ.

ಹೊಸಬರಿಗೆ ಈ ದಾರದ ಕಥೆ ಹೇಳಬೇಕು. ನನಗಿಂತ ಮೊದಲು ಉಗ್ರಾಣ ನೋಡುತ್ತಿದ್ದವರು ಒಬ್ಬ ಕಂಪೌಂಡರು. ನಾವೆಲ್ಲ ಅವರನ್ನು ಕಂಪೌಂಡರ್ ಮಾವ ಎನ್ನುತ್ತಿದ್ದೆವು. ಬಂದ ಚೀಲಗಳನ್ನೆಲ್ಲ ಬಿಚ್ಚಿ ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಒಂದು ಉಪಾಯ ಮಾಡಿದರು. ಕಳಿಸುವಾಗ ದಾರ ಕಟ್ಟುವುದು, ದಾರ ಹೋಗಿದ್ದರೆ ಒಳಗಿನದು ಖರ್ಚಾಗಿದೆ ಎಂದು ಮತ್ತೆ ತುಂಬುವುದು. ಅಷ್ಟೇ. ಅದು ಉಗ್ರಾಣದವನ ಗುರುತು, ಬೇರೇನೂ ಅಲ್ಲ.

ಆಮೇಲೆ ಒಂದು ವಾರ್ಷಿಕೋತ್ಸವದಲ್ಲಿ ಆಗಿನ ಅಧ್ಯಕ್ಷರು ಇದೇ ವೇದಿಕೆಯಲ್ಲಿ ಒಂದು ಚೀಲ ಎತ್ತಿ ಹಿಡಿದು, “ನೋಡ್ರಪ್ಪಾ, ಈ ತಂಡದವರು ದಾರಾನೂ ಮುಟ್ಟದೆ ಬಂದಿದಾರೆ, ಹೊಡೀರಿ ಚಪ್ಪಾಳೆ!” ಎಂದರು. ಹೊಡೆದೆವು. ನಾನೂ ಹೊಡೆದೆ. ಮುಂದಿನ ವರ್ಷ ಅದಕ್ಕೊಂದು ಬಹುಮಾನ ಬಂತು. ಅದರ ಮುಂದಿನ ವರ್ಷ ಚೀಲದ ಜೊತೆ ತಂಡದ ಫೋಟೋ ತೆಗೆಯುವ ಪದ್ಧತಿ ಬಂತು. ದಾರ ಕತ್ತರಿಸಿ ಬಂದವರು ಫೋಟೋದಲ್ಲಿ ಇರಲಿಲ್ಲ. ಅವರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ ನಿಜ, ಆದರೆ ಅವರು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಹೀಗೆ ಗುರುತಿಗೆಂದು ಕಟ್ಟಿದ ದಾರ ಮಾನದ ದಾರವಾಗಿ ಕುಳಿತುಬಿಟ್ಟಿತು. ಅದನ್ನು ಕತ್ತರಿಸಲು ಕತ್ತರಿ ಬೇಕು. ಕತ್ತರಿ ಎಲ್ಲಿದೆ? ಚೀಲದೊಳಗೆ! ನಗುತ್ತೀರಿ. ನಗಿ. ನಾನೂ ಒಂದು ಕಾಲದಲ್ಲಿ ನಗುತ್ತಿದ್ದೆ.

ಈ ಬಹುಮಾನವನ್ನು ಎಲ್ಲರಿಗಿಂತ ಹೆಚ್ಚು ಸಲ ಪಡೆದವರು ನಮ್ಮ ಯಜಮಾನರು. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತಿದ್ದಾರೆ, ನಿಮಗೆಲ್ಲ ಗೊತ್ತು. ಎಂಥ ಮುಂದಾಳು ಅವರು! ಮಳೆಯಲ್ಲಿ ದಾರಿ ತಪ್ಪಿದವರನ್ನು ಬೆನ್ನ ಮೇಲೆ ಹೊತ್ತು ತಂದವರು. ಬೆಟ್ಟದಿಂದ ಬಂದ ದಿನ ಮನೆಯ ಬಾಗಿಲಲ್ಲೇ ನಿಂತು, “ಇವಳೇ, ನೋಡು, ದಾರ ಹಾಗೇ ಇದೆ!” ಎನ್ನುತ್ತಿದ್ದರು. ನಾನು ದಾರ ನೋಡುತ್ತಿದ್ದೆ. ಆಮೇಲೆ ಅವರ ಬೂಟು ಬಿಚ್ಚುತ್ತಿದ್ದೆ. ಬೊಬ್ಬೆ ಒಡೆದು ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿರುತ್ತಿತ್ತು. ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ನೆನೆಸಿ, ನೆನೆಸಿ, ಬಿಡಿಸುತ್ತಿದ್ದೆ. ಹೆಂಡತಿ ಹೊಲಿದ ಚೀಲ ಇಡೀ ದಾರಿ ಅವರ ಹೆಗಲ ಮೇಲೇ ಇತ್ತು, ಅವರ ಹಿಮ್ಮಡಿಗೆ ಮಾತ್ರ ಅದು ಸಿಗಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಇನ್ನೊಂದು ವಿಷಯ. ಇದನ್ನು ಹೇಳಬೇಕು ಎಂದು ಬಂದಿರಲಿಲ್ಲ. ಅವರಿಗೆ ಪೆಪ್ಪರ್‌ಮಿಂಟು ಎಂದರೆ ಆಸೆ. ಮದುವೆಯಾದ ಹೊಸದರಲ್ಲಿ, ಮಾತು ಹೇಗೆ ಶುರು ಮಾಡಬೇಕು ಎಂದು ತಿಳಿಯದೆ, ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ನನ್ನ ಮುಂದೆ ಇಡುತ್ತಿದ್ದರು. ಅದಕ್ಕೇ ಅವರು ಒಯ್ಯುವ ಚೀಲದಲ್ಲಿ ಗಾಜ್ ಬಟ್ಟೆಯ ಪಕ್ಕ ನಾನೂ ಪೆಪ್ಪರ್‌ಮಿಂಟು ಇಡುತ್ತಿದ್ದೆ. ಗಾಯ ಮಾಡಿಕೊಂಡಾಗ ಚೀಲ ತೆರೆದರೆ ಸಿಗಲಿ, ನಾನು ಹತ್ತಿರ ಇಲ್ಲದಿದ್ದರೂ ಇದ್ದ ಹಾಗಾಗಲಿ ಎಂದು. ಪ್ರತಿ ಸಲವೂ ಚೀಲ ಹಾಗೇ ಮರಳಿ ಬರುತ್ತಿತ್ತು. ಉಗ್ರಾಣದಲ್ಲಿ ಕುಳಿತು ನಾನೇ ದಾರ ಕತ್ತರಿಸಿ, ಅಂಟು ಒಣಗಿದ ಪಟ್ಟಿ ಬದಲಿಸಿ, ಗಟ್ಟಿಯಾದ ಮುಲಾಮು ಎಸೆದು, ಆ ಪೆಪ್ಪರ್‌ಮಿಂಟನ್ನು ನಾನೇ ತಿನ್ನುತ್ತಿದ್ದೆ. ಅವರಿಗೆ ಇವತ್ತಿನವರೆಗೂ ಇದು ಗೊತ್ತಿಲ್ಲ. ಗೊತ್ತಿತ್ತೇನ್ರೀ? ನೋಡಿ, ಇಲ್ಲ ಎಂದು ತಲೆ ಆಡಿಸುತ್ತಿದ್ದಾರೆ.

ನನ್ನ ಹಿಂದೆ ಗೋಡೆಯ ಮೇಲೆ ಒಂದು ಫೋಟೋ ಇದೆ. ಅವರು ಕೊನೆಯ ಸಲ ತಂಡ ಕರೆದುಕೊಂಡು ಹೋದಾಗಿನದು. ಎಲ್ಲರ ಕಣ್ಣೂ ಮಧ್ಯದಲ್ಲಿರುವ ಚೀಲದ ಮೇಲೆ ಬೀಳುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ. ಮುಂದಾಳು ಯಾವಾಗಲೂ ಮುಂದೆ ನಿಲ್ಲಬೇಕಲ್ಲವೇ? ಆ ಫೋಟೋದಲ್ಲಿ ಅವರು ಇಬ್ಬರ ಹಿಂದೆ ನಿಂತಿದ್ದಾರೆ, ಎಡಗಾಲು ಕಾಣದ ಹಾಗೆ. ಕೊರಕಲಿನಲ್ಲಿ ಜಾರಿ, ಕಲ್ಲು ಮೀನಖಂಡ ಸೀಳಿತ್ತು. ಕೊರಳಿನ ಬಟ್ಟೆ ಬಿಚ್ಚಿ ಮಣ್ಣಿನ ಸಮೇತ ಬಿಗಿದು ಕಟ್ಟಿಕೊಂಡು, ಪ್ಯಾಂಟು ಇಳಿಬಿಟ್ಟು, ಮರುದಿನ ಕೆಳಗೆ ಬರುವವರೆಗೂ ನಡೆದರು. ಚೀಲ ಅವರ ಹೆಗಲ ಮೇಲೇ ಇತ್ತು. ಫೋಟೋ ತೆಗೆಸಿಕೊಂಡರು. ಚಪ್ಪಾಳೆ ಆಯಿತು. ಆಮೇಲೆ ಜ್ವರ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, “ಅಮ್ಮಾ, ಅವತ್ತೇ ಚೆನ್ನಾಗಿ ನೀರು ಹಾಕಿ ತೊಳೆದು ಬೇಗ ಬಂದಿದ್ರೆ ಇಷ್ಟು ಕೊಯ್ಯೋ ಹಾಗೆ ಆಗ್ತಿರಲಿಲ್ಲವೇನೋ” ಎಂದರು. ಬೆಂಚಿನ ಮೇಲೆ ಕುಳಿತು, ಜೊತೆಗೆ ತಂದಿದ್ದ ಆ ಚೀಲ ಬಿಚ್ಚಿದೆ. ನೀರಿನ ಬಾಟಲಿ ಹಾಗೇ ಇತ್ತು. ಗಾಜ್ ಹಾಗೇ ಇತ್ತು. ಪೆಪ್ಪರ್‌ಮಿಂಟೂ ಇತ್ತು. ಅವತ್ತು ಅದನ್ನು ತಿನ್ನಲಿಲ್ಲ. ಮೀನಖಂಡದ ಮಾಂಸ ಕೊಯ್ದು ತೆಗೆದ ಮೇಲೆ ಆ ಕಾಲು ಮತ್ತೆ ಬೆಟ್ಟ ಹತ್ತಲಿಲ್ಲ.

ಹೌದು, ನಿಮಗೆ ಗೊತ್ತಿರಲಿಲ್ಲ. ಮಂಡಿ ಸವೆದಿದೆ ಎಂದು ಅವರು ನಿಮಗೆಲ್ಲ ಹೇಳಿದ್ದಾರೆ. ನಾನೂ ತಲೆ ಆಡಿಸುತ್ತಾ ಬಂದಿದ್ದೇನೆ. ಈಗ ಬಾಯಿ ತಪ್ಪಿ ಬಂದುಬಿಟ್ಟಿತು. ಏನ್ರೀ, ನೀವು ನನ್ನ ಕಡೆ ಹಾಗೆ ನೋಡಬೇಡಿ ಅಂದ್ರೆ! ಮನೆಗೆ ಹೋದ ಮೇಲೆ ಬೈಯಿರಿ. ನನಗೆ ಸಾಕಾಗಿದೆ. ನಿಜವಾಗಿ ಸಾಕಾಗಿದೆ. ತೆರೆಯದ ಚೀಲ ತುಂಬಿ ತುಂಬಿ ಸಾಕಾಗಿದೆ.

ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡು ಈ ಫಲಕ ಹಿಡಿದು ಮನೆಗೆ ಹೋಗುತ್ತಿದ್ದೆನೇನೋ. ಆದರೆ ನಾಳೆ ಹೊರಡುವ ತಂಡದ ಮುಂದಾಳು ಯಾರು? ನಮ್ಮ ಮಗಳು. ಮೊದಲ ಸಲ. ಅವಳ ಚೀಲವೇ ಈ ಮೇಜಿನ ಮೇಲಿದೆ. ಬೆಳಿಗ್ಗೆ ನಾನೇ ತುಂಬಿದೆ, ಸಂಘದ ಪದ್ಧತಿಯಂತೆ ಹೆಡ್‌ಮೇಡಂ ಈಗ ದಾರ ಕಟ್ಟಿದ್ದಾರೆ. ಮೊನ್ನೆ ಅವಳಿಗೆ ಹೇಳಿದೆ, “ಏನಾದ್ರೂ ಆದ್ರೆ ಯೋಚನೆ ಮಾಡ್ಬೇಡ, ಚೀಲ ತೆಗಿ.” ಅವಳು ಏನೆಂದಳು? “ಅಮ್ಮಾ, ಅಪ್ಪನ ಮಗಳಾಗಿ ಮೊದಲನೇ ಸಲಾನೇ ದಾರ ಕಿತ್ಕೊಂಡು ಬಂದ್ಲು ಅಂತ ಅನ್ನಿಸ್ಕೋಬೇಕಾ ನಾನು?” ಪಕ್ಕದಲ್ಲಿ ಅವರಪ್ಪ ಪೇಪರು ಓದುತ್ತಿದ್ದರು. ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದರು. ಇವಳ ಹಿಂದೆ ಇಪ್ಪತ್ತು ಮಂದಿ ಮಕ್ಕಳು, ಹೆಂಗಸರು ನಡೆಯುತ್ತಾರೆ. ತನ್ನ ಗಾಯಕ್ಕೆ ಚೀಲ ತೆರೆಯದವಳು ಅವರ ಗಾಯಕ್ಕೆ ತೆರೆಯುತ್ತಾಳೆಯೇ? ತೆರೆಯೋಣ ಎನ್ನುವ ಧೈರ್ಯ ಅವರಿಗಾದರೂ ಬರುತ್ತದೆಯೇ?

ಈಗ ಜೇಬಿನ ಮಾತು. ಅಧ್ಯಕ್ಷರೇ, ಎಡಗೈ ಹೊರಗೆ ತೆಗೆಯಿರಿ. ಸಂಕೋಚ ಬೇಡ, ನಾನು ನಿಮ್ಮ ಅಕ್ಕನ ವಯಸ್ಸಿನವಳು. ನೋಡಿ ಸಭಿಕರೇ, ಕರವಸ್ತ್ರ ಕೆಂಪಾಗಿದೆ. ಈ ಫಲಕದ ಮೂಲೆಯ ತಗಡು ಎದ್ದು ನಿಂತಿದೆ, ಕೊಡುವಾಗ ಅವರ ಬೆರಳು ಕೊಯ್ದಿತು. ನನಗೆ ಕಂಡಿತು. ಕಾರ್ಯದರ್ಶಿಗಳಿಗೂ ಕಂಡಿತು. ಅವರೇ ತಮ್ಮ ಕರವಸ್ತ್ರ ಮೆಲ್ಲಗೆ ದಾಟಿಸಿದರು. ಪ್ರಥಮ ಚಿಕಿತ್ಸೆಯ ಚೀಲ ಎಲ್ಲಿತ್ತು? ಅವರ ಮೂಗಿನ ಮುಂದೆ. ಅದನ್ನು ಪಕ್ಕಕ್ಕೆ ಸರಿಸಿ, ಹೂವಿನ ಕುಂಡದ ಹಿಂದಿನಿಂದ ಕರವಸ್ತ್ರ ದಾಟಿಸಿದರು! ಬೆಟ್ಟದ ಮೇಲಲ್ಲ, ಫ್ಯಾನಿನ ಕೆಳಗೆ, ಕುರ್ಚಿಯಲ್ಲಿ ಕುಳಿತುಕೊಂಡು! ನಾನು ಇಷ್ಟು ಹೊತ್ತು ಕಾದೆ, ಯಾರಾದರೂ ಒಬ್ಬರು ಚೀಲ ತೆರೆಯಬಹುದು ಎಂದು. ಕಾದು ಸೋತೆ.

ನಾನು ದರ್ಜಿ. ನನ್ನ ಕೈಚೀಲದಲ್ಲಿ ಕತ್ತರಿ ಯಾವಾಗಲೂ ಇರುತ್ತದೆ. ಹೆಡ್‌ಮೇಡಂ, ನೀವು ಕಟ್ಟಿದ್ದು, ಬೇಜಾರು ಮಾಡಿಕೊಳ್ಳಬೇಡಿ.

ಇಗೋ, ಕತ್ತರಿಸಿದೆ.

ಏನಾಯಿತು? ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಲೇ ಇದೆ. ಅಧ್ಯಕ್ಷರೇ, ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಮೊದಲು ನೀರು. ಉರಿಯುವುದಿಲ್ಲ, ಇದು ಬರಿ ನೀರು. ಈಗ ಗಾಜ್. ಒತ್ತಿ ಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. ಹಾಂ, ಹಾಗೆ. ಆಸ್ಪತ್ರೆಯಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಕೇಳಿ, ಮರೆಯಬೇಡಿ. ಕಾರ್ಯದರ್ಶಿಗಳೇ, ಖರ್ಚಾದ ಗಾಜ್ ಬದಲಿಗೆ ಉಗ್ರಾಣದಿಂದ ಹೊಸದು ತಂದಿಡಿ. ದಾರ ತರಬೇಡಿ. ಈ ಚೀಲ ನಾಳೆ ದಾರವಿಲ್ಲದೇ ಹೋಗುತ್ತದೆ. ಇನ್ನು ಮುಂದೆ ಎಲ್ಲ ಚೀಲವೂ ಹಾಗೇ ಹೋಗಲಿ, ಬಂದ ಚೀಲವನ್ನೆಲ್ಲ ಬಿಚ್ಚಿ ನೋಡುವಷ್ಟು ಪುರುಸೊತ್ತನ್ನು ಮುಂದೆ ಬರುವವರು ಮಾಡಿಕೊಳ್ಳಲಿ. ನಿಮ್ಮ ಫಲಕದ ಬದಲು ನಾನು ಕೇಳುವ ಉಡುಗೊರೆ ಇದೊಂದೇ. ಫಲಕವನ್ನೂ ಒಯ್ಯುತ್ತೇನೆ, ಮೊದಲು ಅದರ ಮೂಲೆ ಉಜ್ಜಿಸಿ ಕೊಡಿ.

ಗಾಜ್ ಪಕ್ಕದಲ್ಲಿ ಪೆಪ್ಪರ್‌ಮಿಂಟು ಸಿಕ್ಕಿತು. ರೂಢಿ, ಬಿಡಲಾಗಲಿಲ್ಲ. ಏನ್ರೀ, ಇದು ಮಗಳ ಚೀಲದ್ದು, ಆದರೂ ನಿಮಗೇ ಕೊಡುತ್ತೇನೆ. ಇಷ್ಟು ವರ್ಷದ ಬಾಕಿ ಇದೆಯಲ್ಲ. ಮಗಳೇ, ಬಾ, ಇದನ್ನು ಅಪ್ಪನಿಗೆ ಕೊಡು.

ಬಾ, ಮೆಟ್ಟಿಲು ಹತ್ತು. ನೆಟ್ಟಗೆ ನಡೆಯಲು ಕಷ್ಟಪಡಬೇಡ. ಭಾನುವಾರದ ನಡಿಗೆಯಿಂದ ಬಂದವಳು ಮನೆಯೊಳಗೂ ಶೂ ಹಾಕಿಕೊಂಡೇ ಓಡಾಡುತ್ತಿದ್ದೀಯ. ಒಗೆಯಲು ಹಾಕಿದ ಕಾಲುಚೀಲದ ಕಲೆ ನಾನು ನೋಡಿದ್ದೇನೆ. ನಿಮ್ಮಪ್ಪನ ಬೂಟು ಬಿಚ್ಚಿದ ಕೈ ಇದು, ಇದಕ್ಕೆ ಮೋಸ ಮಾಡುವುದು ಸಾಧ್ಯವಿಲ್ಲ. ಪೆಪ್ಪರ್‌ಮಿಂಟು ಆಮೇಲೆ, ಮೊದಲು ಈ ಕುರ್ಚಿಯಲ್ಲಿ ಕೂತ್ಕೋ. ಎಲ್ಲರೂ ನೋಡುತ್ತಾರೆ ಎಂದೇ? ನೋಡಲಿ. ನೋಡಲಿ ಎಂದೇ ಕರೆದಿದ್ದು. ನಾಳೆ ನಿನ್ನ ಹಿಂದೆ ನಡೆಯುವವರೂ ನೋಡಲಿ.

ಶೂ ಬಿಚ್ಚು.

ಸಭಿಕರೇ, ಇನ್ನೂ ಎರಡು ಮಾತು ಬರೆದು ತಂದಿದ್ದೆ, ಆದರೆ ಕೈಗೆ ಕೆಲಸ ಬಂದಿದೆ. ಇಷ್ಟು ವರ್ಷ ನನ್ನ ಚೀಲಗಳನ್ನು ಹೊತ್ತವರಿಗೂ, ಹೊತ್ತುಕೊಂಡು ನನ್ನ ಮಾತು ಕೇಳಿಸಿಕೊಳ್ಳದವರಿಗೂ, ಈಗ ಮುಂದಿನ ಸಾಲಿನಲ್ಲಿ ಪೆಪ್ಪರ್‌ಮಿಂಟಿಗಾಗಿ ಕೈ ಚಾಚಿ ಎದ್ದು ನಿಂತಿರುವವರಿಗೂ ಧನ್ಯವಾದಗಳು. ಯಾರಾದರೂ ಆ ದೀಪ ಸ್ವಲ್ಪ ಇತ್ತ ತಿರುಗಿಸಿ, ಹಿಮ್ಮಡಿ ಸರಿಯಾಗಿ ಕಾಣುತ್ತಿಲ್ಲ. ನಮಸ್ಕಾರ.