ಒಂದೇ ಸಿಡಿ

ತಿಪಟೂರಿನ ಬಸ್ ನಿಲ್ದಾಣ. ಬಸ್ಸಿಗೆ ಕಾಯುತ್ತಿದ್ದ ಜೀವಿತಾಳ ಪಕ್ಕದ ಬೆಂಚಿನಲ್ಲಿ ನಾಟಕ ಬರೆಯುವ ಮಲ್ಲೇಶನೂ ಅವನ ಹೊಸ ನಾಟಕವನ್ನು ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟ ಜುಲ್ಫಿಕರನೂ ಕೂತಿದ್ದರು. ಮಲ್ಲೇಶ ಆ ನಾಟಕವಿದ್ದ ಸಿಡಿಯನ್ನು ಎದೆಗೊತ್ತಿಕೊಂಡಿದ್ದ.

“ಕಂಪ್ಯೂಟರ್‌ನಲ್ಲಿರೋದು ಅಳಿಸಿದ್ದು ನಿಜವೇನ್ಲಾ?”

“ಪಕ್ಕದಲ್ಲೇ ಕೂತು ಅಳಿಸು ಅಂದೋನು ನೀನೇ ಅಲ್ವಾ?”

“ಕೆಂಕೆರೆ ನಾಟಕದೋರೂ ನಿನ್ನ ಅಂಗಡಿಗೇ ಬತ್ತಾರೆ. ಹೋದ್ವರ್ಷ ನನ್ನ ಹಾಡು ಅವರ ಬಾಯಲ್ಲಿತ್ತು.”

“ಟೀ ಅಂಗಡೀಲೆಲ್ಲ ಹಾಡ್ಕೊಂಡು ತಿರುಗಿದ್ದು ನೀನು ಕಣಪ್ಪ. ಬರೆದಿದ್ದ ಹಾಳೆಗಳು ಅವೆಯಾ?”

“ಅವರ ಕೈಗೆ ಸಿಕ್ಕೀತು ಅಂತ ಸುಟ್ಟಾಕ್ದೆ.”

“ಹಂಗಾದ್ರೆ ಈ ಸಿಡಿ ಕೆಟ್ರೆ ನಿನ್ನ ನಾಟಕಾನೇ ಇಲ್ಲ, ತಿಳ್ಕೋ.”

ಬಸ್ಸು ಬಂತು. ಹತ್ತಿ ಕೂತ ಮಲ್ಲೇಶ ಕಿಟಕಿಯಿಂದ ಬಗ್ಗಿದ.

“ಲೇ, ಎಲ್ಲಾದ್ರೂ ಒಂದು ಕಾಪಿ ಬಚ್ಚಿಟ್ಟಿದ್ದೀಯ, ಅಲ್ವೇನ್ಲಾ?”

ಈಗ ಅವನ ದನಿ ಬೇಡುವಂತಿತ್ತು. ಜುಲ್ಫಿಕರ್ ಸುಮ್ಮನೆ ನಕ್ಕ. ಬಸ್ಸು ಹೊರಟಿತು.