ಗೋಡೆಯಾಚೆಯ ಪಾಳಿ

"ಆಸ್ಪತ್ರೆಗೆ ಯಾವ ಕಡೆ ಹೋಗ್ಬೇಕು, ಸ್ವಾಮೀ?"

ಹಾಳುಬಾವಿಯ ಕಟ್ಟೆ ಮೇಲೆ ಕೂತಿದ್ದವನು ಮುಖ ಎತ್ತಲಿಲ್ಲ. ಕೇಬಲ್ಲೊಂದನ್ನು ಮೊಣಕೈಗೆ ಸುತ್ತುತ್ತಿದ್ದ. ಸರಕ್... ಸರಕ್...

"ಎಡಕ್ಕೆ. ಹಿಂದಿನ ಬಾಗಿಲಿಗೆ ಹೋಗಮ್ಮ," ಪಿಸುಗುಟ್ಟಿದ. "ಯಾಕಿಷ್ಟು ತಡ?"

ಕೇಳಿದವಳು ನನ್ನ ಚಿಕ್ಕಮ್ಮನ ಮಗಳು, ಸರ್ವರ್ ಕೆಲಸಕ್ಕೆ ಊರೂರು ತಿರುಗಿ ಹತ್ತೂರ ನೀರು ಕುಡಿದವಳು. ಕತ್ತಲಲ್ಲಿ ದಾರಿ ತಪ್ಪೋದು ಅವಳಿಗೆ ಹೊಸದಲ್ಲ. ಆದರೆ ಆ ಸುತ್ತುವ ಕೈ ಕಂಡದ್ದೇ, ತಿರುಗಿ ನೋಡದೆ ನಡೆದಳು.

ಕೇಬಲಣ್ಣನೂ ಹಾಗೇ ಸುತ್ತುತ್ತಿದ್ದ. ಅವಳಿಗೆ ಸರ್ವರ್ ಕೆಲಸ ಕಲಿಸಿದವನು. "ಇವತ್ತು ನನ್ನ ರಾತ್ರಿ ಪಾಳಿ ನೀನು ಮಾಡಣ್ಣಾ, ಮುಂದಿನದು ಪೂರ್ತಿ ನಂದು" ಅಂತ ಹೇಳಿ ಇವಳು ವಿಮಾನ ಹತ್ತಿದ್ದಳು. ನಡುರಾತ್ರಿ ಅವನ ಫೋನ್ ಬಂತು. ಬೈಯೋಕೇ ಇರಬೇಕು ಅಂದುಕೊಂಡು ಕತ್ತರಿಸಿದಳು. ಬೆಳಗ್ಗೆ ಪಾಳಿಗೆ ಹೋದವರಿಗೆ ಸಿಕ್ಕಿದ್ದು ಅವನ ಹೆಣ.

ಆಸ್ಪತ್ರೆಯ ಹಳೇ ಸರ್ವರ್ ಒಂದು ಕೋಣೆಯಲ್ಲಿ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಹೊಸ ಸರ್ವರ್ ಗೋಡೆಯಾಚೆ. ಒಂದೊಂದೇ ವಾರ್ಡನ್ನು ಹೊಸದಕ್ಕೆ ದಾಟಿಸಿ, ಕೊನೆಗೆ ಹಳೆಯದನ್ನು ಆರಿಸಬೇಕು. ನಡುವೆ ಏನೂ ನಿಲ್ಲಬಾರದು. ಫ್ಯಾನುಗಳ ಗುಂಯ್ ಸದ್ದಿನಲ್ಲಿ ಕೂಗಿದರೂ ಕೇಳದು. ಇಂಥ ಕೆಲಸಗಳಲ್ಲಿ ಮೊದಲೆಲ್ಲ ಅವಳೂ ಕೇಬಲಣ್ಣನೂ ಗೋಡೆ ಬಡಿದೇ ಮಾತಾಡುತ್ತಿದ್ದರು. ಒಂದು ಬಡಿದರೆ ನಿಲ್ಲು. ಎರಡು ಬಡಿದರೆ ಆರಿಸು. ಈಗ ಆಚೆ ಯಾರೂ ಇಲ್ಲ. ಆ ಕೋಣೆಗೆ ಬೀಗ ಹಾಕಿದವಳು ಇವಳೇ.

ಎಲ್ಲ ದಾಟಿತು ಅಂದುಕೊಂಡು ಹಳೆಯದರ ಪವರ್ ಬಟನ್ ಮೇಲೆ ಬೆರಳಿಟ್ಟಳು.

ಠಕ್.

ಗೋಡೆಯಾಚೆಯಿಂದ... ಒಂದೇ.

ಬೆರಳು ಹಿಂತೆಗೆದಳು. ರಾತ್ರಿ ಪಾಳಿಯ ನರ್ಸಮ್ಮನಿಗೆ ಫೋನ್ ಮಾಡಿದಳು. "ಎಲ್ಲಾ ಸರಿ ಇದೆಯಾ?"

"ಬೇರೆ ವಾರ್ಡಿನ ಪರದೆಗಳೆಲ್ಲ ಒಂದ್ಸಲ ಮಿನುಗಿ ಬಂದ್ವಂತೆ. ನಮ್ಮ ಎಳೆಗೂಸುಗಳ ಮಾನಿಟರ್ ಮಾತ್ರ ಮಿನುಗೇ ಇಲ್ಲ. ನಮ್ಮನ್ನ ಮರೆತ್ರಾ ಹೇಗೆ?"

ಮರೆತಿದ್ದಳು. ಬೆವರೊರೆಸುತ್ತ ಅವನ್ನೂ ದಾಟಿಸಿದಳು. ಕಾದಳು...

ಠಕ್. ಠಕ್.

ಆರಿಸಿದಳು. ಗುಂಯ್ ಸದ್ದು ಇಳಿದು, ಇಳಿದು... ನಿಂತಿತು.

ಹೊಸ ಯಂತ್ರದ ಪಕ್ಕ ಬೆಳಗಿನವರೆಗೆ ಯಾರಾದರೂ ಕಾವಲು ಕೂರಬೇಕು. ಅದನ್ನು ಯಾವಾಗಲೂ ಬೇರೆಯವರ ತಲೆಗೆ ಕಟ್ಟಿ ಹೋಟೆಲ್ಲಿಗೆ ಓಡುತ್ತಿದ್ದವಳು, ಗೋಡೆಗೆ ಹಣೆ ಒತ್ತಿದಳು.

"ಅಣ್ಣಾ... ಅವತ್ತು ಬೇಕಂತಲೇ ಫೋನ್ ಎತ್ತಲಿಲ್ಲ. ತಪ್ಪಾಯ್ತು. ಈ ರಾತ್ರಿ ಪೂರ್ತಿ ನಂದು. ನೀನು ಮನೆಗೆ ಹೋಗು."

ಸರಕ್... ಸರಕ್... ಆಮೇಲೆ ಚಪ್ಪಲಿ ಎಳೆಯುತ್ತ ದೂರವಾದ ಸದ್ದು.

ಬೀಗ ತೆಗೆದಳು. ಕುರ್ಚಿಯ ಮೇಲೆ ಸುತ್ತಿಟ್ಟ ಕೇಬಲ್. ಅದನ್ನು ಮಡಿಲಲ್ಲಿಟ್ಟುಕೊಂಡು ಬೆಳಕು ಹರಿಯುವವರೆಗೆ ಕೂತಳು, ರೆಪ್ಪೆ ಮುಚ್ಚದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಕೇಬಲ್ ಅವಳ ಮನೆಯಲ್ಲಿದೆ, ನಾನೇ ಮುಟ್ಟಿದ್ದೇನೆ. ಎಷ್ಟು ಬಿಸಿಲಿಗಿಟ್ಟರೂ ಹಾಳುಬಾವಿಯ ಪಾಚಿಯ ವಾಸನೆ. ಇವತ್ತಿಗೂ ಒದ್ದೆ.